ಕುಂದ್ರಿಸಿದಾಗ ತೆಗೆದ ಫೋಟೋ

ಕುಂದಾಪುರದಿಂದ ಮೂಡಲಗಿಗೆ ಹೋದದ್ದನ್ನು ವಲಸೆ ಎನ್ನಬಾರದು ಎಂಬುದು ನಮ್ಮ ಊರಿನವರ ವಾದ. ದುಬೈಗೆ ಹೋದವರದ್ದು ವಲಸೆ. ನಿನ್ನದೇನು, ಅಲ್ಲೂ ಕನ್ನಡ, ಇಲ್ಲೂ ಕನ್ನಡ ಎನ್ನುತ್ತಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಯಾವಾಗಲೂ ‘ವಿರೋಧ’ದ ಕಡೆ ನಿಂತವಳು ನಾನು, ಇದನ್ನೂ ವಿರೋಧಿಸುತ್ತೇನೆ. ಭಾಷೆ ಪೂರಾ ಬೇರೆಯಾಗಿದ್ದರೆ ನಮಗೆ ಏನೂ ಗೊತ್ತಿಲ್ಲ ಎಂಬುದಾದರೂ ಗೊತ್ತಿರುತ್ತದೆ. ಒಂದೇ ಭಾಷೆಯಾದರೆ ಅದೂ ಇಲ್ಲ.

ಬಂದ ದಿನ ಸಂಜೆ ಅಮ್ಮ ಫೋನ್ ಮಾಡಿದಳು. ಸ್ಪೀಕರ್ ಹಾಕಿಟ್ಟು ಚೀಲ ಬಿಚ್ಚುತ್ತಿದ್ದೆ. “ಎಂತ ಮಾಡ್ತಿದ್ದೆ ಹೆಣೆ? ಊಟ ಆಯ್ತಾ ಹೆಣೆ?” ಎಂದು ಅವಳು ಕೇಳುತ್ತಿದ್ದಂತೆ ಬಾಗಿಲಲ್ಲಿ ನಿಂತಿದ್ದ ಮನೆಯ ಯಜಮಾನಿ ನೀಲಕ್ಕನ ಮುಖ ಕಪ್ಪಿಟ್ಟಿತು.

“ಯವ್ವಾ ಶಿವನ! ಹಡದ ತಾಯಿ ಮಗಳಿಗೆ ಹೆಣಾ ಅಂತಾಳಲ್ರಿ?”

ಹೆಣೆ ಎಂದರೆ ನಮ್ಮ ಕಡೆ ‘ಹೆಣ್ಣೇ’, ಮುದ್ದಿನ ಮಾತು ಎಂದು ವಿವರಿಸಿದೆ. “ನಿಮ್ಮ ಮುದ್ದು ನಿಮಗಿರ್ಲಿ. ದೀಪಾ ಹಚ್ಚೂ ಹೊತ್ತಿನ್ಯಾಗ ಆ ಮಾತ ಬ್ಯಾಡ್ರಿ ಬಾಯಾರ” ಎಂದರು. ಪಾಠ ಹೇಳುವ ಹೆಂಗಸರನ್ನು ಇಲ್ಲಿ ಬಾಯಾರು ಎನ್ನುತ್ತಾರೆ.

ಅರವತ್ತು ದಾಟಿದ ನೀಲಕ್ಕ ರೂಮು ಕೊಡುವ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ: ಮೀನು ತಿನ್ನುತ್ತೀರೇನು? ತಿನ್ನುತ್ತೇನೆ, ಆದರೆ ಇಲ್ಲಿಗೆ ತರುವುದಿಲ್ಲ ಎಂದೆ. “ಖರೆ ಹೇಳಿದ್ರಿ, ಬರ್ರಿ” ಎಂದು ಕೀಲಿ ಕೊಟ್ಟರು. ಖರೆ ಎಂದರೆ ನಿಜ. ಕುಚ್ಚಲಕ್ಕಿ ಗಂಜಿಗೆ ಒಗ್ಗಿದ್ದ ನನಗೆ ಅವರೇ ರೊಟ್ಟಿ ಬಡಿಯುವುದನ್ನು ಕಲಿಸಿದರು. ನನ್ನ ಮೊದಲ ರೊಟ್ಟಿಯನ್ನು ಬೆಳಕಿಗೆ ಹಿಡಿದು, “ಇದ ರೊಟ್ಟಿ ಅಲ್ರಿ, ಬೆಳಗಾವಿ ಜಿಲ್ಲಾದ ನಕಾಶಿ” ಎಂದು ನಕ್ಕರು. ಊರಿನಲ್ಲಿ ನನ್ನ ಮಾತಿಗೆ ಎದುರು ಮಾತಾಡಲು ಜನ ಹೆದರುತ್ತಿದ್ದರು. ಇಲ್ಲಿ ಅಂಗಡಿಯಲ್ಲಿ ಸೊಪ್ಪು ಕೇಳಿದರೂ ಎರಡು ಸಲ ಕೇಳಬೇಕಿತ್ತು. ಭಾನುವಾರಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ದೊಡ್ಡದಾಗಿ ಹಾಡು ಹಾಕಿಕೊಂಡು ಹೋಗುತ್ತಿದ್ದವು. ಹಾಡಾದರೂ ಪೂರ್ತಿ ಅರ್ಥವಾಗುತ್ತದಲ್ಲ ಎಂದು ಕಿಟಕಿಯಲ್ಲಿ ನಿಂತು ಕೇಳುತ್ತಿದ್ದೆ.

ನಾನು ಅತಿಥಿ ಉಪನ್ಯಾಸಕಿಯಾಗಿರುವುದು ಹುಕ್ಕೇರಿ ತಾಲ್ಲೂಕಿನಲ್ಲಿರುವ ವಿಶ್ವವಿದ್ಯಾಲಯದ ಕೇಂದ್ರವೊಂದರಲ್ಲಿ. ಹೆಸರು ಬೇಡ. ಮೂಡಲಗಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕೇಂದ್ರದ ಮತ್ತು ಸುತ್ತಲಿನ ಊರುಗಳ ಹಳೆಯ ಫೋಟೋಗಳ ಪ್ರದರ್ಶನ ಮಾಡುವ ಕೆಲಸ, ಬಾಯಿ ಜೋರು ಎಂಬ ಕಾರಣಕ್ಕೋ ಏನೋ, ನನ್ನ ಪಾಲಿಗೆ ಬಂತು. ಕೇಂದ್ರ ಬರುತ್ತದೆ ಎಂದಾಗ ಊರಿನವರು ಸಂತೋಷದಿಂದ ಹೊಲ ಬಿಟ್ಟುಕೊಟ್ಟರು ಎಂಬುದು ಅಲ್ಲಿ ಎಲ್ಲರೂ ಹೇಳುವ ಕಥೆ. ಕಪಾಟಿನಲ್ಲಿದ್ದ ಫೋಟೋಗಳೂ ಅದನ್ನೇ ಹೇಳುತ್ತಿದ್ದವು: ಅಡಿಗಲ್ಲು, ರಿಬ್ಬನ್ನು, ಅಗಲ ಪ್ಯಾಂಟಿನ ಮೊದಲ ವರ್ಷದ ವಿದ್ಯಾರ್ಥಿಗಳು. ಊರಿನವರು ಇದ್ದರೆ ಅಂಚಿನಲ್ಲಿ, ಅರ್ಧ ರುಮಾಲು, ಒಂದು ಮೊಣಕೈ. ಹೊಲ ಕೊಟ್ಟವನ ಮುಖವೇ ಇಲ್ಲದೆ ಅವನಿಗೆ ಸಂತೋಷವಾಗಿತ್ತು ಎನ್ನುವುದು ಹೇಗೆ? ಊರಿನವರ ಮನೆಗಳಿಂದಲೇ ಫೋಟೋ ತರುತ್ತೇನೆ ಎಂದೆ.

ದೂರ ಹೋಗಬೇಕಾಗಲಿಲ್ಲ. “ನಮ್ಮ ತವರಮನಿ ಹೊಲಾನೂ ಅದರಾಗ ಹೋಗೇತ್ರಿ” ಎಂದ ನೀಲಕ್ಕ ಟ್ರಂಕಿನಿಂದ ಒಂದು ಫೋಟೋ ತೆಗೆದು, ಸೆರಗಿನಲ್ಲಿ ಒರೆಸಿ ಕೊಟ್ಟರು. “ಅಪ್ಪಂದು ಇದೊಂದ ಐತ್ರಿ. ಕುಂದ್ರಿಸಿದಾಗ ತಗದದ್ದು. ಹೊಲಾ ಹೋದ ಮ್ಯಾಲ.”

ಕುಂದ್ರಿಸುವುದು ಎಂದರೆ ಕೂರಿಸುವುದು. ಅಷ್ಟು ಇಲ್ಲಿನ ಮಾತು ನನಗೆ ಆಗಲೇ ಬಂದಿತ್ತು. ಫೋಟೋದಲ್ಲಿ ಹೊಸ ರುಮಾಲು ಸುತ್ತಿದ ದೊಡ್ಡ ಆಳು ಗೋಡೆಗೆ ಒರಗಿ ಕೂತಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ದಪ್ಪ ಹಾರ, ಕಣ್ಣು ಮುಚ್ಚಿತ್ತು. ಅಕ್ಕಪಕ್ಕ ಹೆಂಗಸರು ಬಾಯಿಗೆ ಸೆರಗು ಹಿಡಿದು ಕೂತಿದ್ದರು. ಕ್ಯಾಮೆರಾದ ನಾಚಿಕೆ ಎಂದುಕೊಂಡೆ. ಹೊಲ ಹೋದ ಮೇಲೆ ಕೂರಿಸಿ ಹಾರ ಹಾಕಿದ್ದಾರೆ ಎಂದರೆ ಸನ್ಮಾನವಲ್ಲದೆ ಇನ್ನೇನು?

ಸ್ಕ್ಯಾನ್ ಮಾಡಿ ಹೆಂಗಸರನ್ನು ಕತ್ತರಿಸಿ ಹಾಕಿದೆ. ಗೋಡೆಯನ್ನೂ ಕತ್ತರಿಸಿದೆ. ವಾದಕ್ಕೆ ಬೇಕಾದದ್ದು ಮುಖ ಮಾತ್ರ. ಅದನ್ನು ಫಲಕದಷ್ಟು ದೊಡ್ಡದು ಮಾಡಿ, ಕೆಳಗೆ ‘ಒಪ್ಪದ ಕಣ್ಣುಗಳು’ ಎಂದು ಬರೆಸಿದೆ.

ಉದ್ಘಾಟನೆಯ ದಿನ ಮೈಕಿನ ಮುಂದೆ ಹೇಳಿದೆ: “ಸನ್ಮಾನಕ್ಕೆ ಕೂರಿಸಿದರು, ಕೂತರು. ಹಾರ ಹಾಕಿದರು, ಹಾಕಿಸಿಕೊಂಡರು. ಆದರೆ ಕಣ್ಣು ತೆರೆಯಲು ಮಾತ್ರ ಈ ರೈತ ಒಪ್ಪಲಿಲ್ಲ. ಸಂತೋಷದಿಂದ ಕೊಟ್ಟರು ಎನ್ನುವವರು ಈ ಮುಖಕ್ಕೆ ಉತ್ತರ ಕೊಡಲಿ.” ವಿದ್ಯಾರ್ಥಿಗಳು ಸಿಳ್ಳೆ ಹಾಕಿದರು. ಮುಂದಿನ ಸಾಲಿನಲ್ಲಿ ತಲೆತುಂಬ ಸೆರಗು ಹೊದ್ದು ಕೂತಿದ್ದ ನೀಲಕ್ಕ ಮೊದಲು ಬಾಯಿಗೆ ಸೆರಗು ಒತ್ತಿಕೊಂಡು, ಆಮೇಲೆ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು.

ಮರುದಿನದಿಂದ ನೀಲಕ್ಕನಿಗೆ ನಾನು ಬಾಯಾರು ಅಲ್ಲ, ‘ನಮ್ಮ ಹುಡುಗಿ’. ‘ಬರ್ರಿ’ ಹೋಗಿ ‘ಬಾ’ ಆಯಿತು. ತಟ್ಟೆಗೆ ಕೇಳದೆ ತುಪ್ಪ ಬಿತ್ತು. ಅಮ್ಮನಿಗೆ ಫೋನಿನಲ್ಲಿ, ಇಲ್ಲಿ ನನಗೊಂದು ಮನೆಯಾಯಿತು ಎಂದೆ.

ಆ ಫೋಟೋ ಕೇಂದ್ರದಲ್ಲಿ ಕಾಯಂ ಆಗಿ ಇರಲಿ ಎಂದು ತೀರ್ಮಾನವಾದಾಗ ಮೂಲ ಪ್ರತಿಯನ್ನು ಗೋಕಾಕದ ಸ್ಟುಡಿಯೋಗೆ ಒಯ್ದೆ. ಅಲ್ಲಿನ ಹುರುಪಿನ ಮನುಷ್ಯ ಅದನ್ನು ಕಂಪ್ಯೂಟರಿಗೆ ಏರಿಸಿ ಕೇಳಿದ, “ಕಣ್ಣ ತೆರಸಿ ಕೊಡ್ಲೇನ್ರಿ ಮೇಡಂ?”

“ಬೇಡ. ಮುಚ್ಚಿದ್ದೇ ಮುಖ್ಯ.”

“ಗ್ವಾಡಿಗೆ ಹಾಕಾವ್ರು ಎಲ್ಲಾರೂ ತೆರಸ್ತಾರ್ರಿ. ಹಿಂಗ ಇಟ್ರ ಹುಡುಗ್ರು ಅಂಜತಾವ.”

“ಇವರನ್ನು ಕಂಡು ಯಾಕೆ ಅಂಜಬೇಕು?”

ಆತ ನನ್ನ ಕಡೆ ತಿರುಗಿದ. “ಮೇಡಂ, ಹೆಣದ ಫೋಟೋ ಅಲ್ರಿ ಇದು?”

ನಮ್ಮ ಕಡೆ ತೀರಿಕೊಂಡವರನ್ನು ಮಲಗಿಸಿ, ತಲೆಯ ಬಳಿ ದೀಪ ಇಟ್ಟು, ಆಮೇಲೆ ಸುಡುತ್ತೇವೆ. ನಮ್ಮಲ್ಲಿ ಕೂತವರೆಂದರೆ ಬದುಕಿರುವವರು. ಬಸವಣ್ಣನ ದಾರಿಯ ಈ ಮನೆಗಳಲ್ಲಿ ಮೀಯಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕುಂದ್ರಿಸುತ್ತಾರೆ. ಮಣ್ಣಿಗಿಡುವುದೂ ಕೂತ ಹಾಗೆಯೇ. ಬದುಕಿದ್ದಾಗ ಫೋಟೋ ತೆಗೆಸದವರಿಗೆ ಅದೇ ಮೊದಲ ಫೋಟೋ. ಪರದೆಯ ಮೇಲೆ ನಾನು ಕತ್ತರಿಸಿ ಎಸೆದಿದ್ದ ಹೆಂಗಸರು ಮತ್ತೆ ಬಂದು ಕೂತಿದ್ದರು. ನಾಚಿಕೆಯಲ್ಲ, ಅವರು ಅಳುತ್ತಿದ್ದರು. ನಾಚಿಕೆ ನನಗಾಯಿತು. ಸತ್ತ ಮನುಷ್ಯನ ಮುಚ್ಚಿದ ಕಣ್ಣನ್ನು ಸಾಕ್ಷಿ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ, ಅದೂ ಅವನ ಮಗಳ ಎದುರಿಗೆ.

ಮೂಡಲಗಿಗೆ ಮರಳಿದಾಗ ನೀಲಕ್ಕ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಶೇಂಗಾ ಹಸನು ಮಾಡುತ್ತಿದ್ದರು. ಬಾಜೂ ಮನೆಯ ಕಸ್ತೂರಿ ಎದುರಿಗಿದ್ದಳು.

“ಸಾಹೇಬ ಹಾರಾ ಹಿಡಕೊಂಡ ನಿಂತಾನ, ನಮ್ಮಪ್ಪ ಕಣ್ಣ ತೆರೀವಲ್ಲ. ‘ನಿಮ್ಮ ಮಾರಿ ಏನ ನೋಡೂದು’ ಅಂದಾ” ಎನ್ನುತ್ತಿದ್ದರು ನೀಲಕ್ಕ.

“ಫೋಟೋದಾಗ ಮಾತೂ ಕೇಳಸ್ತಾವೇನ ಯಕ್ಕಾ?” ಎಂದು ಕಸ್ತೂರಿ ನಕ್ಕಳು.

“ಇಕಿನ್ನ ಕೇಳ, ನಮ್ಮ ಹುಡುಗೀನ್ನ. ಮೈಕಿನ್ಯಾಗ ಹೇಳ್ಯಾಳ. ಹೇಳ ತಂಗಿ, ಹೌದಿಲ್ಲ?”

ಯಾವ ವೇದಿಕೆಯಲ್ಲೂ ಎದುರು ಪಕ್ಷದ ಮಾತನ್ನು ಸುಮ್ಮನೆ ಒಪ್ಪಿದವಳಲ್ಲ ನಾನು. “ಹೌದು” ಎಂದೆ.

ಕಸ್ತೂರಿ ಎದ್ದು ಹೋದ ಮೇಲೆ ಹೇಳಿದೆ, “ನೀಲಕ್ಕಾ, ಕುಂದ್ರಿಸಿದಾಗ ಅಂತ ನೀವು ಅವತ್ತು ಹೇಳಿದ್ದು ನನಗೆ ಇವತ್ತು ಅರ್ಥ ಆಯ್ತು.”

ಮೊರ ಆಡಿಸುವುದನ್ನು ಅವರು ನಿಲ್ಲಿಸಲಿಲ್ಲ. “ಗೋಕಾಕದಾಗ ಯಾರರೆ ಹೇಳಿದ್ರೇನ್ರಿ?” ‘ರಿ’ ಮರಳಿ ಬಂದಿತ್ತು.

“ಸಭೆಯಲ್ಲೇ ಯಾಕೆ ಹೇಳಲಿಲ್ಲ?”

“ಅಷ್ಟ ಮಂದಿ ಮುಂದ ನೀವು ಬಿದ್ದ ಹೋಗ್ತಿದ್ರಿ. ಮದಲ ನಂಗ ನಗಿ ಬಂತು. ಆಮ್ಯಾಲ ಕೇಳಕೋತ ಕೇಳಕೋತ ಚಲೋ ಅನಸ್ತು. ಅಪ್ಪಾ ಎದ್ದ ಬಂದ ಜಗಳಾ ತಗದಾಂಗ ಆತು.”

“ಫಲಕ ತೆಗೆಸುತ್ತೇನೆ.”

“ತಗಸ್ರಿ. ನಿಮ್ಮ ಸಾಲಿ, ನಿಮ್ಮ ಗ್ವಾಡಿ.”

ತೆಗೆಸಿದೆ. ಹೊಸ ಬರಹ ಇನ್ನೂ ಬರೆದಿಲ್ಲ. ರಜೆಗೆ ಊರಿಗೆ ಹೋದರೆ, ನಿನ್ನ ಮಾತೇ ಆ ಕಡೆಯವರ ಹಾಗಾಗಿದೆ ಎಂದು ಅಮ್ಮ ಆಡಿಕೊಳ್ಳುತ್ತಾಳೆ. ಇಲ್ಲಿ ತಟ್ಟೆಗೆ ತುಪ್ಪ ಈಗಲೂ ಬೀಳುತ್ತದೆ, ‘ಹಾಕ್ಲೇನ್ರಿ’ ಎಂದು ಕೇಳಿದ ಮೇಲೆ. ಕೇಂದ್ರದವರು ಆ ಮನುಷ್ಯ ಸಂತೋಷಪಟ್ಟ ಎಂದರು, ನಾನು ಸಿಟ್ಟಾದ ಎಂದೆ. ಅವನ ಮಗಳ ಮನೆಯಲ್ಲಿ ದಿನಾ ಉಣ್ಣುತ್ತಿದ್ದರೂ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಗೋಕಾಕದಿಂದ ಬಂದ ಆ ಸಂಜೆ ನೀಲಕ್ಕ ಮೊರ ಎತ್ತಿಕೊಂಡು ಒಳಗೆ ಹೊರಟಾಗ ಬೆನ್ನ ಹಿಂದಿನಿಂದ ಕೇಳಿದೆ. ಫಲಕದ ಹೊಸ ಬರಹ ಅದರ ಉತ್ತರಕ್ಕೇ ಕಾದಿದೆ.

“ನೀಲಕ್ಕಾ, ಹೊಲ ಹೋಗುವಾಗ ನಿಮ್ಮಪ್ಪ ಖರೆ ಏನಂದಿದ್ದರು?”