ಯುಗಾದಿ ಹೂವಿನ ಆಸೆಗೆ ಟೊಂಗೆ ಉಳಿಸಿದೆ

ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಿದೆ, ಬೇವಿನ ಎಲೆಗಳೆಲ್ಲ ಜೋತು ಬಿದ್ದಿದ್ದವು. ಬೆಳಿಗ್ಗೆ ಚೆನ್ನಾಗಿಯೇ ಇದ್ದವು.

ಹಿಂದಿನ ದಿನ ಆ ಮರವನ್ನು ಅಲ್ಲಿ ತಂದು ನಿಲ್ಲಿಸಿದವಳೇ ನಾನು.

ಮಿಶ್ರಿಕೋಟಿ ಕಡೆಯ ರೋಡ್ ಅಗಲ ಮಾಡುವಾಗ ನಮ್ಮೂರ ಬಸ್ ಸ್ಟಾಪಿನ ಈ ಮರ ಕಡಿಯುವ ಪಟ್ಟಿಯಲ್ಲಿತ್ತು. ಅದರ ಬುಡದಲ್ಲಿ ಗಂಗವ್ವ ಕಾಯಿಪಲ್ಯ ಮಾರುತ್ತಾಳೆ. ಅವಳ ಅಂಗಡಿ ಅಂದರೆ ಆ ನೆರಳೇ.

ನಾನು ಇಲ್ಲಿನ ಶಾಲೆಯಲ್ಲಿ ವಿಜ್ಞಾನದ ಟೀಚರ್. ಬೇರು ಸಮೇತ ಎತ್ತಿ ನಮ್ಮ ಶಾಲೆಯ ಕಾಂಪೌಂಡಿನ ಹೊರಗೆ ನೆಡೋಣ, ಬದುಕುತ್ತದೆ ಅಂತ ಊರವರ ಮುಂದೆ ಹೇಳಿಬಿಟ್ಟೆ. ಕ್ರೇನ್ ಬಂತು, ಮರ ಬಂತು, ಗಂಗವ್ವನ ಬುಟ್ಟಿಯೂ ಹಿಂದೆಯೇ ಬಂತು.

ಎತ್ತುವ ಮೊದಲು ಮಾವಿನ ತೋಟದ ಬಸಪ್ಪ ಕಾಕಾ ಒಂದು ಮಾತು ಹೇಳಿದ್ದರು. "ಟೊಂಗಿ ಎಲ್ಲಾ ಬೋಳಸ್ರಿ ಟೀಚರ್. ಬೇರು ಅರ್ಧ ಹೋಗ್ತಾವ."

ನಾನು ಕೇಳಲಿಲ್ಲ. ಮರದ ತುಂಬ ಮೊಗ್ಗು, ಯುಗಾದಿಗೆ ಹತ್ತೇ ದಿನ... ಊರಿನ ಅರ್ಧ ಮನೆಗಳ ಬೇವು-ಬೆಲ್ಲಕ್ಕೆ ಹೂವು ಹೋಗುವುದು ಈ ಮರದಿಂದಲೇ.

ಹಬ್ಬದ ಎದುರಿಗೆ ಹೂವಿನ ಮರಕ್ಕೆ ಕೊಡಲಿ ಹಾಕಬಾರದು ಅಂತ ಹೆಂಗಸರೂ ಹೇಳಿದರು. ನನಗೂ ಅದೇ ಬೇಕಿತ್ತು.

ನೆಟ್ಟ ಮರುದಿನದಿಂದಲೇ ಒಣಗಾಳಿ. ತುಟಿ ಒಡೆಯುವಂಥ ಗಾಳಿ, ಮೇಲೆ ಸುಡು ಬಿಸಿಲು. ಎಲೆ ಬಾಡಿದ್ದು ಕಂಡ ಕೂಡಲೇ ಟ್ಯಾಂಕರ್ ತರಿಸಿ ನೀರು ಬಿಟ್ಟೆ. ಮರುದಿನ ಮತ್ತೆ ಬಿಟ್ಟೆ.

ನಾಲ್ಕನೆಯ ದಿನಕ್ಕೆ ಬುಡದ ಎರೆಮಣ್ಣು ಕಾಲು ಹೂತುಹೋಗುವಷ್ಟು ಕೆಸರಾಗಿತ್ತು. ಎಲೆಗಳು ಈಗ ಬೆಳಿಗ್ಗೆಯೂ ತಲೆ ಎತ್ತುತ್ತಿರಲಿಲ್ಲ.

ನೀರಿನಲ್ಲೇ ನಿಂತ ಮರ ಬಾಯಾರಿ ಸಾಯುತ್ತಿದೆ, ನಾನು ನೋಡುತ್ತಾ ನಿಂತಿದ್ದೇನೆ. ಏನು ಮಾಡಬೇಕೋ ತೋಚುತ್ತಿಲ್ಲ.

ಕೊನೆಗೆ ಕಾಕಾ ಅವರನ್ನೇ ಕರೆದೆ. ಅವರು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು.

"ಮನ್ಯಾಗ ಉಣ್ಣಾವ್ರು ನೂರು ಮಂದಿ, ರೊಟ್ಟಿ ಬಡಿಯಾಕಿ ಒಬ್ಬಾಕಿ. ನೀವು ಹಿಟ್ಟಿನ ಚೀಲಾ ತಂದ್ ತಂದ್ ಒಟ್ಟಾಕತ್ತೀರಿ. ಆಕಿಗೆ ಉಸಿರಾಡಾಕೂ ಜಾಗಾ ಇಲ್ಲ."

ಉಣ್ಣುವವರು ಎಲೆಗಳು, ರೊಟ್ಟಿ ಬಡಿಯುವವಳು ಉಳಿದ ಅರ್ಧ ಬೇರು, ಹಿಟ್ಟು ನನ್ನ ಟ್ಯಾಂಕರ್ ನೀರು. ಪ್ರತಿ ವರ್ಷ ಟೊಂಗೆಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಎಲೆ ನೀರಾವಿ ಬಿಡುವುದನ್ನು ಮಕ್ಕಳಿಗೆ ತೋರಿಸುವವಳು ನಾನು. ಗಾಳಿ ಒಣಗಿದಷ್ಟೂ, ಬಿಸಿಲು ಏರಿದಷ್ಟೂ ಎಲೆ ಹೆಚ್ಚು ನೀರು ಕಳೆದುಕೊಳ್ಳುತ್ತದೆ ಅಂತ ಬರೆಸುವವಳೂ ನಾನೇ. ತುಂಬಾ ನಾಚಿಕೆಯಾಯಿತು.

ಅವತ್ತೇ ಟೊಂಗೆಗಳನ್ನು ಮೊಗ್ಗಿನ ಸಮೇತ ಕಡಿಸಿದೆವು. ನಿಂತ ನೀರು ಹರಿದುಹೋಗಲು ಕಾಲುವೆ ತೋಡಿದೆವು, ಕಾಂಡಕ್ಕೆ ಒದ್ದೆ ಗೋಣಿಚೀಲ ಸುತ್ತಿದೆವು. ಹಬ್ಬಕ್ಕೆ ನಮ್ಮ ಓಣಿಯವರು ಹೂವಿಗಾಗಿ ದುಮ್ಮವಾಡದವರೆಗೂ ಹೋಗಿ ಬಂದರು.

ಈಗ ಹಬ್ಬ ಮುಗಿದು ತಿಂಗಳಾಗಿದೆ. ಒಂದು ಕಡೆ ತೊಗಟೆಯನ್ನು ಉಗುರಿನಿಂದ ಕೆರೆದರೆ ಹಸಿರು ಕಾಣುತ್ತದೆ, ಇನ್ನೊಂದು ಕಡೆ ಬರೀ ಕಂದು. ದಿನಾ ಕೆರೆದು ಕೆರೆದು ನಾನೇ ಗಾಯ ಮಾಡುತ್ತಿದ್ದೇನೋ ಅನ್ನುವ ಭಯ ಬೇರೆ.

ಗಂಗವ್ವ ಆ ಬೋಳು ಕಾಂಡದ ಪಕ್ಕದಲ್ಲೇ ಛತ್ರಿ ಹಿಡಿದು ಕೂರುತ್ತಾಳೆ. ಇವತ್ತು ಕೇಳಿದಳು, "ಟೀಚರ್, ನೆಳ್ಳ ಬರೂತನಾ ಇಲ್ಲೇ ಕುಂದ್ರಲ್ಯೋ, ಬ್ಯಾರೆ ಜಾಗಾ ನೋಡ್ಲ್ಯೋ?"

ನಾಳೆ ಹೇಳ್ತೀನಿ ಅಂದು ಕ್ಲಾಸಿಗೆ ಹೋದೆ.

ಇಂಥ ಮರ ಮತ್ತೆ ಚಿಗುರಿದ್ದನ್ನು ಯಾರಾದರೂ ಕಣ್ಣಾರೆ ಕಂಡಿದ್ದೀರಾ? ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡಿ... ನೀವು ಹೇಳಿದ್ದನ್ನೇ ನಾಳೆ ಗಂಗವ್ವನಿಗೆ ಹೇಳಬೇಕು.