ಮೊದಲ ಸಾಲಿನ ಶ್ರೀ

ಬಿಟ್ಟಿ ಕೆಲಸ ಮಾಡುವವರಿಗೆ ಇರುವಷ್ಟು ಕಟ್ಟುಪಾಡು ಸಂಬಳ ತೆಗೆದುಕೊಳ್ಳುವವರಿಗೂ ಇರುವುದಿಲ್ಲ. ಇದು ನನಗೆ ಗೊತ್ತಾದದ್ದು ಎರಡು ಸಾವಿರದ ಐದಾರರ ಸುಮಾರಿಗೆ, ಚಿಂತಾಮಣಿಯ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಪಾಠ ಹೇಳುತ್ತಿದ್ದಾಗ. ಕಾಗದಪತ್ರ ಬರೆಯುವ ಒಂದು ತಂತ್ರಾಂಶವಿತ್ತು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಅದರ ಒಳಗಿನ ಕೋಡನ್ನು ಯಾರು ಬೇಕಾದರೂ ತಿದ್ದಬಹುದು. ಅದರ ಮೆನುಗಳನ್ನೆಲ್ಲ ಕನ್ನಡಕ್ಕೆ ತರುವ ಗುಂಪಿನಲ್ಲಿ ನಾವು ನಾಲ್ಕು ಜನ.

ಗುಂಪು ಕಟ್ಟಿದವರು ಚಿಕ್ಕಬಳ್ಳಾಪುರದ ಮೇಷ್ಟ್ರು, ಹೈಸ್ಕೂಲಿನಿಂದ ನಿವೃತ್ತರಾದವರು. ಇಬ್ಬರು ಅವರ ಹಳೆಯ ಶಿಷ್ಯರು. ಒಬ್ಬರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಯವರು, ಇನ್ನೊಬ್ಬರು ಗೌರಿಬಿದನೂರಿನ ಕಚೇರಿಯೊಂದರಲ್ಲಿ ಗುಮಾಸ್ತರು. ನಾನೊಬ್ಬಳೇ ಮೇಷ್ಟ್ರ ಹತ್ತಿರ ಓದಿದವಳಲ್ಲ. ಹಾಗಾಗಿ ನನಗೆ ಅವರ ಮೇಲೆ ಗೌರವವಿತ್ತು, ಆದರೆ ಅವರನ್ನು ಕಂಡರೆ ಕೈಕಾಲು ನಡುಗುತ್ತಿರಲಿಲ್ಲ.

ನಮ್ಮೆಲ್ಲರ ಮೇಲೆ ಯುರೋಪಿನ ಯಾವುದೋ ಊರಿನಲ್ಲಿ ಕೂತ ಒಬ್ಬ ಉಸ್ತುವಾರಿ. ಅವನ ಮುಖ ನಾವು ನೋಡಿರಲಿಲ್ಲ, ಅವನ ನಿಯಮಗಳನ್ನು ಮಾತ್ರ ನೋಡಿದ್ದೆವು. ಎಲ್ಲರಿಗೂ ಒಟ್ಟಿಗೆ ಈಮೇಲ್ ಹೋಗುವ ಮೇಲಿಂಗ್ ಲಿಸ್ಟಿಗೆ ಬರೆದದ್ದನ್ನು ಲೋಕವೆಲ್ಲ ಓದುತ್ತದೆ, ಚುಟುಕಾಗಿ ಬರೆಯಿರಿ. 'ಮಾನ್ಯರೇ' ಗೀನ್ಯರೇ ಬೇಡ. ಉತ್ತರವನ್ನು ಮೊದಲಿನವರ ಮಾತಿನ ಕೆಳಗೇ ಬರೆಯಿರಿ. ಒಂದು ಕಮಿಟ್‌ನಲ್ಲಿ ಅಂದರೆ ಫೈಲಿಗೆ ಒಮ್ಮೆಗೆ ಸೇರಿಸುವ ತಿದ್ದುಪಡಿಯಲ್ಲಿ, ಒಂದೇ ಬದಲಾವಣೆ ಇರಲಿ, ಏನು ಮಾಡಿದಿರೆಂದು ಒಂದೇ ಸಾಲಿನಲ್ಲಿ ಹೇಳಿ. ಬೇರೆಯವರ ತಪ್ಪು ಕಂಡರೆ ಅಲ್ಲೇ, ಎಲ್ಲರ ಎದುರಿಗೇ ತಿಳಿಸಿ.

ಕೊನೆಯದನ್ನು ಓದಿದ ಗುಮಾಸ್ತರು ನನಗೆ ಫೋನ್ ಮಾಡಿದರು. "ಏಮಮ್ಮಾ, ದೊಡ್ಡೋರ ತಪ್ಪನ್ನ ನಾಲ್ಕ್ ಜನದ ಮುಂದೆ ಎತ್ತಾಡಿ ಅಂತಾನಲ್ಲ, ಈಯಪ್ಪಂಗೆ ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?"

ಅವರ ಒಂದು ಕಮಿಟ್ ಸಂದೇಶ ನನಗಿನ್ನೂ ನೆನಪಿದೆ. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ' ಎಂದು ಶುರುವಾಗಿ, 'ತಮ್ಮ ವಿಶ್ವಾಸಿ' ಎನ್ನುವವರೆಗೂ ಅಪ್ಪಟ ಕಚೇರಿ ಇಂಗ್ಲಿಷಿನಲ್ಲಿ ಸಾಗಿತ್ತು. ಅಷ್ಟೆಲ್ಲ ಹೇಳಿ ಅವರು ಫೈಲಿಗೆ ಸೇರಿಸಿದ್ದು ಒಂದು ಅಲ್ಪವಿರಾಮ. ರೇಷ್ಮೆಯವರದು ಇದಕ್ಕೆ ಉಲ್ಟಾ. ಏನೇ ಮಾಡಿದರೂ ಬರೆಯುತ್ತಿದ್ದದ್ದು 'ಸ್ವಲ್ಪ ಸರಿ ಮಾಡಿದೆ', ಅಷ್ಟೇ.

ಮೇಷ್ಟ್ರು ಏನು ಕಳಿಸಿದರೂ ಲಿಸ್ಟಿನಲ್ಲಿ ಕೂಡಲೇ ಶಿಷ್ಯರ ಉತ್ತರ ಬೀಳುತ್ತಿತ್ತು: 'ತುಂಬಾ ಚೆನ್ನಾಗಿದೆ ಸಾರ್.' ಅವರ ಹಿಂದೆಯೇ ನಾನೂ ಒಂದು 'ಚೆನ್ನಾಗಿದೆ' ಸೇರಿಸುತ್ತಿದ್ದೆ. ಮದುವೆಮನೆಯ ಮುಯ್ಯಿಯ ಹಾಗೆ ಅದನ್ನು ತಪ್ಪಿಸುವಂತಿರಲಿಲ್ಲ.

ತೊಂದರೆ ಬಂದದ್ದು ಶ್ರೀಯಿಂದ. ನೆತ್ತಿಯಲ್ಲಿ ಶ್ರೀ ಹಾಕದೆ ಮೇಷ್ಟ್ರು ಜನ್ಮದಲ್ಲಿ ಒಂದು ಹಾಳೆ ಬರೆದವರಲ್ಲ. ಅಂಗಡಿ ಸಾಮಾನಿನ ಚೀಟಿಗೂ ಅವರಿಗೆ ಶ್ರೀ ಬೇಕು. ಅನುವಾದದ ಫೈಲಿನ ಮೊದಲ ಸಾಲಿನಲ್ಲೂ ಹಾಕಿದರು. ಕಂಪ್ಯೂಟರಿಗೆ ಈ ಭಕ್ತಿಯಿಲ್ಲ. ಎಲ್ಲ ಫೈಲುಗಳನ್ನು ಜೋಡಿಸಿ ತಂತ್ರಾಂಶ ತಯಾರಿಸುವುದಕ್ಕೆ ಬಿಲ್ಡ್ ಎನ್ನುತ್ತಾರೆ. ಮೊದಲ ಸಾಲಿನಲ್ಲಿ ಇರಬಾರದ್ದು ಕಂಡ ಕೂಡಲೇ ಆ ಬಿಲ್ಡ್ ಅಲ್ಲಿಯೇ ಮುರಿದು ಬೀಳುತ್ತಿತ್ತು. ನಮ್ಮ ಒಂದು ಶ್ರೀಯಿಂದ, ಅದೇ ತಂತ್ರಾಂಶವನ್ನು ತಮ್ಮ ಭಾಷೆಗೆ ತರುತ್ತಿದ್ದ ಫ್ರೆಂಚರು, ಜಪಾನಿಗಳು ಎಲ್ಲರೂ ಕೈಕಟ್ಟಿ ಕೂತರು.

ರೇಷ್ಮೆಯವರು ಸದ್ದಿಲ್ಲದೆ ಶ್ರೀ ತೆಗೆದರು. 'ಸ್ವಲ್ಪ ಸರಿ ಮಾಡಿದೆ.' ಮುಂದಿನ ಸಲ ಫೈಲು ತೆರೆದ ಮೇಷ್ಟ್ರು, ಇಂಟರ್ನೆಟ್ಟಿನಲ್ಲಿ ಬರುವಾಗ ಎಲ್ಲೋ ಉದುರಿಹೋಗಿದೆ ಎಂದುಕೊಂಡು ಮತ್ತೆ ಹಾಕಿದರು. ಇವರು ಮತ್ತೆ ತೆಗೆದರು, ಅವರು ಮತ್ತೆ ಹಾಕಿದರು. 'ತುಂಬಾ ಚೆನ್ನಾಗಿದೆ ಸಾರ್' ಮಾತ್ರ ಒಮ್ಮೆಯೂ ನಿಲ್ಲಲಿಲ್ಲ.

ಉಸ್ತುವಾರಿಗೆ ಕನ್ನಡ ಬಾರದು. ಅವನಿಗೆ ತಿಳಿದದ್ದು ಕನ್ನಡದ ಫೈಲು ಪದೇ ಪದೇ ಕೆಡುತ್ತಿದೆ ಎಂಬುದಷ್ಟೇ. ಬಿಡುಗಡೆ ಹತ್ತಿರ ಬಂದಿದೆ, ಇನ್ನೊಮ್ಮೆ ಹೀಗಾದರೆ ಈ ಸಲ ಕನ್ನಡವನ್ನು ಕೈಬಿಡುತ್ತೇನೆ ಎಂದು ಬರೆದ. ಯಾರಪ್ಪ ಕೆಡಿಸ್ತಿರೋದು ಎಂದು ಮೇಷ್ಟ್ರು ಶಿಷ್ಯರನ್ನೇ ಕೇಳಿದರು. ನೋಡ್ತೀವಿ ಸಾರ್ ಎಂದರು ಶಿಷ್ಯರು.

ನನಗೆ ಮೈಯೆಲ್ಲ ಉರಿಯಿತು. ಮುರುಗಮಲ್ಲದ ಕಡೆಯಿಂದ ನಮ್ಮ ಕೇಂದ್ರಕ್ಕೆ ಬರುತ್ತಿದ್ದ ಹೆಣ್ಣುಮಕ್ಕಳು ಇಂಗ್ಲಿಷ್ ಮೆನು ಕಂಡು ಮೌಸ್ ಮುಟ್ಟಲು ಹೆದರುತ್ತಿದ್ದರು. ಇಷ್ಟರಲ್ಲೇ ಎಲ್ಲ ಕನ್ನಡದಲ್ಲಿ ಬರುತ್ತದೆ, ಓದು ಬಿಡಬೇಡಿ ಎಂದು ನಾನು ಅವರಿಗೆ ಮಾತು ಕೊಟ್ಟಿದ್ದೆ. ಮೇಷ್ಟ್ರಿಗೆ ಲಿಸ್ಟಿನಲ್ಲೇ ಹೇಳಿಬಿಡಿ ಎಂದು ಶಿಷ್ಯರಿಗೆ ಹೇಳಿದೆ. ಇಬ್ಬರೂ ಹೌಹಾರಿದರು. ಮುಖ ನೋಡಿ ಹೇಳುವುದೇ ಮರ್ಯಾದೆ ಎಂದು ಭಾನುವಾರ ಬಸ್ ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದರು. ಸಂಜೆ ಗುಮಾಸ್ತರಿಗೆ ಫೋನ್ ಮಾಡಿದೆ.

"ಹೇಳಿದ್ರಾ?"

"ಎಲ್ಲಮ್ಮಾ ಹೇಳೋದು! ಹೋಗ್ತಿದ್ದಂಗೇ ಊಟಕ್ಕೆ ಕೂರಿಸ್ಬಿಟ್ರು. ಮುದ್ದೆ, ಹುರುಳಿಕಾಳು ಬಸ್ಸಾರು. ಉಂಡ ಮನೇಲಿ ಕೂತ್ಕೊಂಡು ನಿಮ್ ಶ್ರೀ ತೆಗೀರಿ ಸಾರ್ ಅನ್ನೋಕಾಗುತ್ತಾ?"

"ಊಟಕ್ಕೆ ಮುಂಚೆ ಹೇಳ್ಬೇಕಿತ್ತು."

"ಹಸ್ಕೊಂಡಿದ್ವಲ್ಲಮ್ಮ."

ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಲಿಸ್ಟಿನ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ, ನಾನು ಬರೆದದ್ದರ ಸಾರಾಂಶ ಇಷ್ಟು: "ಮೊದಲ ಸಾಲಿನ ಶ್ರೀಯಿಂದ ಬಿಲ್ಡ್ ಮುರಿಯುತ್ತಿದೆ. ಅದನ್ನು ತೆಗೆಯಬೇಕು. ಮತ್ತೆ ಹಾಕಬಾರದು." ಕಳಿಸಿದ ಮೇಲೆ ಅದನ್ನೇ ಹತ್ತು ಸಲ ಓದಿ ನೋಡಿದೆ. ಆದರೂ ತಪ್ಪು ಮಾಡಿದೆ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ.

ರೇಷ್ಮೆಯವರು ಶಿಡ್ಲಘಟ್ಟದಿಂದ ಫೋನಿನಲ್ಲೇ ಬೈದರು. "ಅವ್ರ ಹತ್ರ ಅಕ್ಷರ ಕಲ್ತೋರು ನಾವು. ಪರದೇಶದೋರ ಮುಂದೆ ಅವ್ರ ಮಾನ ಕಳೆದ್ಬಿಟ್ರಲ್ಲಮ್ಮ!"

ಮೇಷ್ಟ್ರ ಉತ್ತರ ಮಾರನೆಯ ದಿನ ಬಂತು. ನನ್ನ ಮಾತಿನ ಕೆಳಗೆ, ನಿಯಮದ ಪ್ರಕಾರ ಎಲ್ಲಿ ಬರೆಯಬೇಕೋ ಅಲ್ಲೇ, ಚುಟುಕಾಗಿ: "ತೆಗೆದಿದ್ದೇನೆ. ಕಾರಣ ತಿಳಿದಿರಲಿಲ್ಲ. ವಂದನೆಗಳು." ಬಿಡುಗಡೆಯಲ್ಲಿ ಕನ್ನಡ ಉಳಿಯಿತು. ನನ್ನ ಹುಡುಗಿಯರು ಕನ್ನಡದ ಮೆನು ತೆರೆದು, ಒಬ್ಬರನ್ನೊಬ್ಬರು ತಳ್ಳಿಕೊಂಡು ನಕ್ಕರು. ಉಸ್ತುವಾರಿಯಂತೂ, ಚರ್ಚೆ ಎಂದರೆ ಹೀಗಿರಬೇಕು ಎಂದು ಉಳಿದ ಭಾಷೆಯವರಿಗೆಲ್ಲ ನಮ್ಮನ್ನು ತೋರಿಸಿದ. ಬಸ್ಸಾರಿನ ವಿಷಯ ಅವನಿಗೆ ಗೊತ್ತಿರಲಿಲ್ಲ.

ಅದಾಗಿ ಒಂದು ವಾರಕ್ಕೆ ಮೇಷ್ಟ್ರು ಲಿಸ್ಟಿಗೆ ಮತ್ತೆ ಬರೆದರು, ನಮ್ಮ ಮೂವರನ್ನೂ ಉದ್ದೇಶಿಸಿ. "ಶ್ರೀ ತಪ್ಪೆಂದು ನಿಮಗೆಲ್ಲ ಮೊದಲೇ ಗೊತ್ತಿತ್ತು. ಆಗಲೂ ತುಂಬಾ ಚೆನ್ನಾಗಿದೆ ಎಂದೇ ಬರೆದಿರಿ. ಹಾಗಾದರೆ ಇಷ್ಟು ದಿನ ನಾನು ಕಳಿಸಿದ್ದರಲ್ಲಿ ನಿಜವಾಗಿ ಚೆನ್ನಾಗಿದ್ದದ್ದು ಯಾವುದು? ಒಂದಾದರೂ ಇದ್ದರೆ ತಿಳಿಸಿ."

ಅದರಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ಅವರಿಗೆ ನಿಜಕ್ಕೂ ತಿಳಿಯಬೇಕಿತ್ತು. ತಡೆಯಲಾರದೆ ಗುಮಾಸ್ತರಿಗೆ ಫೋನ್ ಮಾಡಿದೆ.

"ಶಿಷ್ಯರು ನೀವು, ನೀವೇ ಉತ್ತರ ಬರೀರಿ. ಯಾವುದಾದ್ರೂ ಒಂದು ಒಳ್ಳೇದು ಆರಿಸಿ ಹೇಳಿ, ಸಾಕು."



"ಬರೀಬಹುದಮ್ಮ," ಎಂದರು. "ಆದ್ರೆ ಅದಕ್ಕೆ ಮೊದ್ಲು ಅವನ್ನೆಲ್ಲ ಓದ್ಬೇಕಲ್ಲ!"