ಸೋಲಾರ್ ಕೂರಿಸಿದವನು

ಬನಹಟ್ಟಿಯ ನಮ್ಮ ವಿದ್ಯುತ್ ಮಗ್ಗದ ಮನೆಯ ಮಾಳಿಗೆಗೆ ಸೋಲಾರ್ ಕೂರಿಸಿದವನನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಏನು ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ಚಿಂತಿ ಬಿಡ್ರಿ" ಎನ್ನುತ್ತಿದ್ದ. "ಲೈನ್ ಹೋದಾಗ ಮಗ್ಗ ನಡೀತಾವೇನ್ರಿ?" ಎಂದು ಅವ್ವ ಕೇಳಿದ್ದಕ್ಕೂ ಅದೇ ಉತ್ತರ. ಬ್ಯಾಟರಿ ಇಲ್ಲದ ಈ ಸೋಲಾರ್, ಊರಿನ ಕರೆಂಟ್ ಹೋದರೆ ತಾನೂ ನಿಲ್ಲುತ್ತದೆಂದು ಅವನು ಬಾಯಿಬಿಡಲೇ ಇಲ್ಲ. ಬೇಸಿಗೆಯ ಸುಡುಬಿಸಿಲಲ್ಲೇ ನಮ್ಮ ಮಗ್ಗಗಳು ನಿಂತವು.

ಆಮೇಲೆ ಫೋನಿಗೂ ಸಿಗದವನು, ಒಂದು ದಿನ ಹೊಸ ಗಿರಾಕಿಗೆ ತೋರಿಸಲೆಂದು ನಮ್ಮದೇ ಮಾಳಿಗೆ ಹತ್ತಿದ. ಅವ್ವ ಪ್ಯಾನೆಲ್‌ಗಳ ಮೇಲೆ ಹಳೆಯ ಸೀರೆ ಹಾಸಿ ಹಪ್ಪಳ ಒಣಹಾಕಿದ್ದಳು.

"ಇದೇನ ಮಾಡೀರಿ ಕಾಕು? ಕರೆಂಟ್ ಹೆಂಗ ತಯಾರಾಗಬೇಕ್ರಿ?"

ಅವ್ವ ಅವನತ್ತ ನೋಡಲಿಲ್ಲ. ಗಿರಾಕಿಗೆ ಹೇಳಿದಳು: "ಮುಂಜಾನಿಂದ ಲೈನ್ ಇಲ್ರಿ, ಮಗ್ಗ ನಿಂತಾವು. ಹಪ್ಪಳ ಮಾತ್ರ ಛಲೋ ಒಣಗತಾವು. ನೀವೂ ಹಾಕಸ್ರಿ."